ಜಿನ್ಸೆಂಗ್ ಮಾತ್ರೆ: ಕರಡು ತಿದ್ದುವವಳ ಕಣ್ಣಿನಿಂದ

ಮೂವತ್ತೊಂದು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಮಹಾಪ್ರಾಣಕ್ಕೆ ಹೊಟ್ಟೆ ಸೀಳಿದೆಯೋ ಇಲ್ಲವೋ, ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿದೆಯೋ ಇಲ್ಲವೋ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಎರಡು ವರ್ಷಗಳ ಹಿಂದೆ ನಾನು ತಿದ್ದಿ ಕಳಿಸಿದ ಪುಸ್ತಕವೊಂದರಲ್ಲಿ ‘ಧನಲಾಭ’ ಎಂಬುದು ಮೂರು ಕಡೆ ‘ದನಲಾಭ’ ಎಂದೇ ಅಚ್ಚಾಗಿ ಹೋಯಿತು. ಲೇಖಕರು ಸಜ್ಜನರು, ನಕ್ಕು ಬಿಟ್ಟರು. ನನಗೆ ನಗು ಬರಲಿಲ್ಲ. ಅದೇ ವಾರ, ನೆನಪಿಗೆ ಒಳ್ಳೆಯದೆಂದು ಜನ ಕೊಳ್ಳುವ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಯ ಬಾಟಲಿಯೊಂದನ್ನು ಕೊಂಡು ತಂದೆ.

ಆ ಬಾಟಲಿಯಿಂದ ಶುರುವಾದ ತಪ್ಪುಗಳ ಸರಮಾಲೆಯನ್ನು ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ನೆನಪಿಗಾಗಿ, ಏಕಾಗ್ರತೆಗಾಗಿ ಜಿನ್ಸೆಂಗ್ ತೆಗೆದುಕೊಳ್ಳಬೇಕೆಂದು ಹೊರಟವರಿಗೆ ನನ್ನ ಸಲಹೆ ಎರಡೇ. ಲೇಬಲನ್ನು ಕರಡಿನಂತೆ ಓದಿ. ಮಾತ್ರೆ ಕೆಲಸ ಮಾಡಿತೇ ಎಂಬುದನ್ನು ನಿಮ್ಮ ಅನಿಸಿಕೆಗೆ ಬಿಡದೆ ಎಣಿಸಿ ನೋಡಿ.

ಬಾಟಲಿಗಿಂತ ಮೊದಲು

ಮೊದಲು ವೈದ್ಯರ ಬಳಿಗೆ ಹೋಗಿ. ನಾನು ಹೋದದ್ದು ಆಮೇಲೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಬಿ12 ಸರಿಯಿತ್ತು. ವೈದ್ಯರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು: ನಿದ್ರೆ ಹೇಗಿದೆ, ಗೊರಕೆ ಇದೆಯೇ, ಮನಸ್ಸು ಕುಗ್ಗಿದೆಯೇ, ಶೀತ ಅಲರ್ಜಿಗೆಂದು ಮಂಪರು ತರಿಸುವ ಮಾತ್ರೆ ನುಂಗುತ್ತೀರಾ. ಇವುಗಳಲ್ಲಿ ಯಾವುದೇ ಒಂದು ಇದ್ದರೂ ನೆನಪು ಮಸುಕಾಗಬಹುದು. ಅಲ್ಲಿಂದ ಕಣ್ಣಿನ ವೈದ್ಯರ ಬಳಿಗೆ ಹೋದೆ. ಕನ್ನಡಕದ ನಂಬರು ಬದಲಾಗಿತ್ತು! ಹೊಸ ಕನ್ನಡಕ ಬಂದ ವಾರದಲ್ಲೇ ನನ್ನ ಕಣ್ತಪ್ಪುಗಳು ಸುಮಾರು ಅರ್ಧಕ್ಕೆ ಇಳಿದವು. ಯಾವ ಬೇರೂ ಮಾಡಿಕೊಡಲಾರದ ಉಪಕಾರ ಅದು.

ಆದರೆ ಮರೆವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ, ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ತಜ್ಞರನ್ನು ಕಾಣಿ. ಅದು ಮಾತ್ರೆ ಕೊಂಡು ಪ್ರಯೋಗ ಮಾಡುವ ವಿಷಯವಲ್ಲ.

ಹೆಸರು ನೋಡಿ, ಚಿತ್ರ ನೋಡಬೇಡಿ

ನಾನು ತಂದ ಮೊದಲ ಬಾಟಲಿಯ ಮೇಲೆ ಮನುಷ್ಯನ ಕೈಕಾಲಿನಂತೆ ಕವಲೊಡೆದ ಬೇರಿನ ಚಿತ್ರವಿತ್ತು. ಚೀನೀ ಭಾಷೆಯಲ್ಲಿ ಇದರ ಹೆಸರು ರೆನ್‌ಶೆನ್, ಅದರಲ್ಲಿ ‘ರೆನ್’ ಎಂದರೆ ಮನುಷ್ಯ. ಬೇರಿನ ಆಕಾರದಿಂದಲೇ ಬಂದ ಹೆಸರು. ಮನೆಗೆ ಬಂದು ಭೂತಗನ್ನಡಿ ಹಿಡಿದು ಹಿಂಬದಿಯ ಸಣ್ಣಕ್ಷರ ಓದಿದರೆ ಒಳಗಿದ್ದದ್ದು ‘ಎಲ್ಯೂಥೆರೊಕಾಕಸ್ ಸೆಂಟಿಕೋಸಸ್’. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ‘ಸೈಬೀರಿಯನ್ ಜಿನ್ಸೆಂಗ್’ ಎಂದಿತ್ತು. ಇದು ಜಿನ್ಸೆಂಗಿನ ಕುಟುಂಬಕ್ಕೇ ಸೇರಿದ ಸಸ್ಯ ನಿಜ, ಆದರೆ ಕುಲ ಬೇರೆ, ಒಳಗಿನ ರಾಸಾಯನಿಕ ಬೇರೆ. ಜಿನ್ಸೆಂಗ್ ಎಂದರೆ ಯಾವ ವಸ್ತುವಿಗಾಗಿ ಹಣ ಕೊಡುತ್ತೇವೆಯೋ ಆ ಜಿನ್ಸೆನೊಸೈಡ್ ಇದರಲ್ಲಿ ಇಲ್ಲ. ‘ಭಾರತೀಯ ಜಿನ್ಸೆಂಗ್’ ಎಂದು ಕರೆಯುವ ಅಶ್ವಗಂಧದ ಸಂಬಂಧವಂತೂ ಇನ್ನೂ ದೂರದ್ದು. ಅದು ಬದನೆಯ ಕುಟುಂಬದ ಗಿಡ. ಅದರ ಗುಣಾವಗುಣ ಬೇರೆಯೇ ಚರ್ಚೆ. ಅಮೆರಿಕದಲ್ಲಿ 2002ರ ಕಾನೂನೊಂದು ಪ್ಯಾನಾಕ್ಸ್ ಕುಲಕ್ಕೆ ಸೇರದ ಸಸ್ಯವನ್ನು ಜಿನ್ಸೆಂಗ್ ಎಂಬ ಹೆಸರಿನಲ್ಲಿ ಮಾರಕೂಡದು ಎಂದು ಹೇಳಿದೆ. ಹೆಸರಿನ ಗೊಂದಲ ಕಾನೂನು ಮಾಡುವಷ್ಟು ದೊಡ್ಡದಾಗಿತ್ತು ಎಂದಾಯಿತು.

ಹಾಗಾಗಿ ಹುಡುಕಬೇಕಾದ ಪದ ‘ಪ್ಯಾನಾಕ್ಸ್’. ಎಲ್ಲ ರೋಗಕ್ಕೂ ಮದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹೆಸರಿಟ್ಟವರ ಉತ್ಸಾಹವನ್ನು ಕ್ಷಮಿಸಿ ಮುಂದೆ ಹೋಗೋಣ. ನಮಗೆ ಬೇಕಾದವು ಎರಡು. ‘ಪ್ಯಾನಾಕ್ಸ್ ಜಿನ್ಸೆಂಗ್’ ಎಂದರೆ ಕೊರಿಯಾ, ಈಶಾನ್ಯ ಚೀನಾ ಕಡೆಯ ಏಷ್ಯಾದ ಜಿನ್ಸೆಂಗ್. ‘ಪ್ಯಾನಾಕ್ಸ್ ಕ್ವಿಂಕ್ವಿಫೋಲಿಯಸ್’ ಎಂದರೆ ಉತ್ತರ ಅಮೆರಿಕದ್ದು. ಎರಡನೆಯದು ಯುರೋಪಿನವರ ಕಣ್ಣಿಗೆ ಬಿದ್ದ ಕತೆ ಸ್ವಾರಸ್ಯವಾಗಿದೆ. ಚೀನಾದಲ್ಲಿದ್ದ ಜೆಸ್ಯೂಟ್ ಪಾದ್ರಿ ಜಾರ್ತೂ 1711ರಲ್ಲಿ ಬರೆದ ಪತ್ರದಲ್ಲಿ ಈ ಗಿಡವನ್ನು ವರ್ಣಿಸಿ, ಇಂಥದೇ ಹವೆಯ ಕೆನಡಾದಲ್ಲಿಯೂ ಇದು ಇರಬಹುದು ಎಂದು ಊಹಿಸಿದ್ದ. ಅದನ್ನು ಓದಿದ ಇನ್ನೊಬ್ಬ ಜೆಸ್ಯೂಟ್, ಲಾಫಿತೋ, 1716ರಲ್ಲಿ ಮಾಂಟ್ರಿಯಲ್ ಬಳಿಯ ಕಾಡಿನಲ್ಲಿ ಹುಡುಕಿ ಕಂಡುಕೊಂಡ. ಗಮನವಿಟ್ಟು ಓದುವವರಿಗೆ ಎಂದಾದರೂ ಏನಾದರೂ ಸಿಗುತ್ತದೆ ಎಂಬುದಕ್ಕೆ ನಾನು ಈ ಕತೆಯನ್ನು ಆಗಾಗ ಹೇಳುವುದುಂಟು.

ಕೆಂಪು ಜಿನ್ಸೆಂಗ್, ಬಿಳಿ ಜಿನ್ಸೆಂಗ್ ಎಂದರೆ ಬೇರೆ ಬೇರೆ ಗಿಡಗಳಲ್ಲ. ಬೇರನ್ನು ಹಾಗೆಯೇ ಒಣಗಿಸಿದರೆ ಬಿಳಿ. ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಕೆಂಪು. ಬೇಯುವಾಗ ಕೆಲವು ಜಿನ್ಸೆನೊಸೈಡ್‌ಗಳು ರೂಪ ಬದಲಿಸುತ್ತವೆ, ಹಸಿ ಬೇರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ‘ಆರ್‌ಜಿ3’ಯಂಥವು ಹುಟ್ಟುತ್ತವೆ. ಯಾವುದು ಮೇಲು ಎಂದು ವಾದಿಸುವವರು ವಾದಿಸಲಿ. ನಾನು ಮುಂದೆ ಹೇಳುವ ಪ್ರಯೋಗಗಳಲ್ಲಿ ಯಾವ ಬಗೆ ಬಳಸಿದ್ದರೋ ಅದರ ಹತ್ತಿರದ್ದನ್ನು ಕೊಳ್ಳುವುದು ಜಾಣತನ.

ಲೇಬಲಿನ ಲೆಕ್ಕ

ಲೇಬಲ್ ಬರೆಯುವವರು ದೊಡ್ಡ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ನಮಗೆ ಬೇಕಾದದ್ದು ಸಾಮಾನ್ಯವಾಗಿ ಸಣ್ಣ ಸಂಖ್ಯೆ. ‘1000 ಮಿಲಿಗ್ರಾಂ ಬೇರಿಗೆ ಸಮ’ ಎಂದು ಮುಂದೆ ಬರೆದಿರುತ್ತದೆ. ಹಿಂದೆ ನೋಡಿದರೆ 100 ಮಿಲಿಗ್ರಾಂ ಸಾರ, 10:1. ಹತ್ತು ಪಾಲು ಬೇರಿನಿಂದ ಒಂದು ಪಾಲು ಸಾರ ತೆಗೆದಿದ್ದೇವೆ ಎಂದಷ್ಟೇ ಅದರ ಅರ್ಥ. ಆ ಸಾರದಲ್ಲಿ ಜಿನ್ಸೆನೊಸೈಡ್ ಎಷ್ಟಿದೆ ಎಂಬುದು ಇದರಿಂದ ತಿಳಿಯುವುದಿಲ್ಲ.

ತಿಳಿಯಬೇಕಾದರೆ ಶೇಕಡಾವಾರು ಬರೆದಿರಬೇಕು. ‘200 ಮಿಲಿಗ್ರಾಂ ಸಾರ, ಜಿನ್ಸೆನೊಸೈಡ್ ಶೇ. 4’ ಎಂದಿದ್ದರೆ 8 ಮಿಲಿಗ್ರಾಂ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ ‘ಜಿ115’ ಎಂಬ ಸಾರದ ಪ್ರಮಾಣ ಇದೇ. ‘500 ಮಿಲಿಗ್ರಾಂ ಬೇರಿನ ಪುಡಿ, ಶೇ. 2’ ಎಂದಿದ್ದರೆ 10 ಮಿಲಿಗ್ರಾಂ. ನೋಡಲು ಎರಡೂವರೆ ಪಟ್ಟು ದೊಡ್ಡ ಸಂಖ್ಯೆ, ಒಳಗಿನ ಸರಕು ಹೆಚ್ಚುಕಡಿಮೆ ಅಷ್ಟೇ. ಪೆನ್ಸಿಲ್ ಹಿಡಿದು ಲೇಬಲಿನ ಪಕ್ಕದಲ್ಲಿ ಈ ಗುಣಾಕಾರ ಮಾಡಿಟ್ಟುಕೊಂಡರೆ ಯಾವ ಬಾಟಲಿಯನ್ನು ಯಾವುದರ ಜತೆ ಹೋಲಿಸಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಸಸ್ಯದ ಪೂರ್ತಿ ಹೆಸರು ಇಲ್ಲದ, ಬೇರೋ ಎಲೆಯೋ ಎಂದು ಹೇಳದ, ಶೇಕಡಾವಾರು ಕೊಡದ ಬಾಟಲಿಯನ್ನು ನಾನು ಮರಳಿ ಕಪಾಟಿಗೆ ಇಡುತ್ತೇನೆ. ಎಲೆಯಲ್ಲಿಯೂ ಜಿನ್ಸೆನೊಸೈಡ್ ಧಾರಾಳವಾಗಿದೆ, ಆದರೆ ಈ ಪ್ರಯೋಗಗಳು ಬೇರಿನವು. ‘ವಿಶೇಷ ಮಿಶ್ರಣ’ ಎಂದು ಏಳೆಂಟು ಗಿಡಗಳ ಹೆಸರು ಹೇಳಿ ಕೊನೆಯಲ್ಲಿ ಒಟ್ಟು ತೂಕ ಮಾತ್ರ ಕೊಡುವವರನ್ನೂ ದೂರವಿಡಿ. ಅದು ಅಡಿಟಿಪ್ಪಣಿಯೇ ಇಲ್ಲದ ಉಲ್ಲೇಖ ಇದ್ದ ಹಾಗೆ.

ಇಷ್ಟಾದರೂ ಲೇಬಲ್ ನಿಜ ಹೇಳುತ್ತದೆ ಎಂದಲ್ಲ. ಅಮೆರಿಕದಲ್ಲಿ 25 ಜಿನ್ಸೆಂಗ್ ಉತ್ಪನ್ನಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಸ್ಯಗಳೇನೋ ಲೇಬಲಿನಲ್ಲಿ ಹೇಳಿದವೇ ಆಗಿದ್ದವು, ಪ್ರಮಾಣ ಮಾತ್ರ ತಾಳೆಯಾಗಲಿಲ್ಲ. ಜಿನ್ಸೆನೊಸೈಡ್ ಪ್ರಮಾಣ ಒಂದು ಉತ್ಪನ್ನದಿಂದ ಇನ್ನೊಂದಕ್ಕೆ ಕ್ಯಾಪ್ಸೂಲುಗಳಲ್ಲಿ 15 ಪಟ್ಟು, ದ್ರವಗಳಲ್ಲಿ 36 ಪಟ್ಟು ವ್ಯತ್ಯಾಸವಾಗುತ್ತಿತ್ತು. ಹಾಗಾಗಿ ದ್ರವ ಬೇಡ. ತಯಾರಕರಲ್ಲದ ಬೇರೆ ಪ್ರಯೋಗಾಲಯ ಪರೀಕ್ಷಿಸಿದ ಗುರುತು ಇರುವುದನ್ನು ಕೊಳ್ಳಿ. ಅಂಥ ಪರೀಕ್ಷೆಯಲ್ಲಿ ಕೀಟನಾಶಕದ ಅಂಶ, ಸೀಸದಂಥ ಭಾರಲೋಹಗಳು ಸೇರಿವೆಯೇ ಎಂದೂ ನೋಡಿ. ಕೊಯ್ಲಿಗೆ ಬರಲು ನಾಲ್ಕರಿಂದ ಆರು ವರ್ಷ ನೆಲದೊಳಗೇ ಇರುವ ಬೇರು ಇದು. ಅಷ್ಟು ವರ್ಷ ಅದಕ್ಕೆ ಸಿಂಪಡಿಸಿದ್ದೆಲ್ಲ ನಮ್ಮ ಲೆಕ್ಕಕ್ಕೂ ಬರುತ್ತದೆ.

ಎಷ್ಟು, ಯಾವಾಗ

ಬ್ರಿಟನ್ನಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಕೆನಡಿ, ಶೋಲಿ ಮತ್ತು ಜತೆಗಾರರು ನಡೆಸಿದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. 20 ಮಂದಿ ಆರೋಗ್ಯವಂತ ತರುಣರಿಗೆ ಬೇರೆ ಬೇರೆ ದಿನ 200, 400, 600 ಮಿಲಿಗ್ರಾಂ ಸಾರ ಕೊಟ್ಟು, ಒಂದರಿಂದ ಆರು ಗಂಟೆಯವರೆಗೆ ನಾಲ್ಕು ಸಲ ಪರೀಕ್ಷಿಸಿದರು. 400ರಲ್ಲಿ ನೆನಪಿನ ಗುಣಮಟ್ಟ ಉತ್ತಮಗೊಂಡಿತು. 200ರಲ್ಲಿಯೂ 600ರಲ್ಲಿಯೂ ಕೊನೆಕೊನೆಯ ಪರೀಕ್ಷೆಗಳಲ್ಲಿ ಗಮನದ ವೇಗ ಕುಗ್ಗಿತು. ಎರಡು ಮಾತ್ರೆ ನುಂಗಿದರೆ ಎರಡು ಪಟ್ಟು ಬುದ್ಧಿ ಎಂದು ನಂಬಿದವರು ಈ ಸಾಲನ್ನು ಮತ್ತೊಮ್ಮೆ ಓದಬೇಕು. ಅದೇ ಗುಂಪಿನವರ 2005ರ ಪ್ರಯೋಗದಲ್ಲಿ ಒಂದು ಗಂಟೆ ಎಡೆಬಿಡದೆ ತಲೆಗೆ ಕೆಲಸ ಕೊಟ್ಟಾಗ, 200 ಮಿಲಿಗ್ರಾಂ ನುಂಗಿದ ತರುಣರು ಏಳೇಳು ಕಳೆಯುವ ಲೆಕ್ಕವನ್ನು ಚೆನ್ನಾಗಿ ಮಾಡಿದರು, ಮಾನಸಿಕ ದಣಿವು ಕಡಿಮೆ ಎಂದರು. ರಕ್ತದ ಸಕ್ಕರೆ ಇಳಿದಿತ್ತು. 2010ರಲ್ಲಿ ಅಮೆರಿಕದ ಜಿನ್ಸೆಂಗನ್ನು 32 ಮಂದಿಗೆ 100ರಿಂದ 400 ಮಿಲಿಗ್ರಾಂವರೆಗೆ ಕೊಟ್ಟು ನೋಡಿದಾಗ ಸುಧಾರಿಸಿದ್ದು ಕೆಲಸದ ನೆನಪು. ಅಂದರೆ ಫೋನ್ ನಂಬರನ್ನು ಒತ್ತುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವಂಥದ್ದು.

ಇವೆಲ್ಲ ಸಣ್ಣ ಪ್ರಯೋಗಗಳು, ಬಹುಪಾಲು ಒಂದು ದಿನದ ಪರಿಣಾಮ ಅಳೆದವು. ಇಂಥ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2010ರ ಪರಾಮರ್ಶೆ, ಆರೋಗ್ಯವಂತರ ಬುದ್ಧಿಶಕ್ತಿಯನ್ನು ಜಿನ್ಸೆಂಗ್ ಹೆಚ್ಚಿಸುತ್ತದೆ ಎಂಬುದಕ್ಕೆ ಮನವರಿಕೆಯಾಗುವ ಪುರಾವೆ ಇಲ್ಲ, ಮರೆವಿನ ಕಾಯಿಲೆ ಇರುವವರಲ್ಲಿ ಉತ್ತಮ ಗುಣಮಟ್ಟದ ಪುರಾವೆಯೇ ಇಲ್ಲ ಎಂದಿತು. ಇದನ್ನು ತಿಳಿದೂ ನಾನು ಪ್ರಯತ್ನಿಸಿದೆ, ಏಕೆಂದರೆ ಸರಾಸರಿಯಲ್ಲಿ ಕಾಣದ್ದು ಒಬ್ಬರಲ್ಲಿ ಕಾಣಬಾರದೆಂದೇನಿಲ್ಲ. ಜಿನ್ಸೆನೊಸೈಡ್ ನೇರವಾಗಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಕೊಡಬೇಕು, ಮತ್ತು ಎಲ್ಲರ ಕರುಳಿನ ಬ್ಯಾಕ್ಟೀರಿಯಾಗಳೂ ಒಂದೇ ಬಗೆಯವಲ್ಲ.

ನನ್ನ ತೊಂದರೆ ಮಧ್ಯಾಹ್ನದ ದಣಿವಾದ್ದರಿಂದ 200 ಮಿಲಿಗ್ರಾಂ ಆರಿಸಿಕೊಂಡೆ. ಓದಿದ್ದು ನೆನಪಿನಲ್ಲಿ ಉಳಿಯಬೇಕು ಎನ್ನುವವರು 400ಕ್ಕೆ ಹೋಗಿ ನೋಡಬಹುದು, ಅದರಾಚೆ ಬೇಡ. ಬೆಳಗ್ಗೆ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆಯೇ ತೆಗೆದುಕೊಳ್ಳಿ, ಸಕ್ಕರೆ ಇಳಿಸುವ ಗುಣ ಇರುವುದರಿಂದ. ಹೊಸ ಬಾಟಲಿಯ ಮೊದಲ ಮೂರು ದಿನ ನಾನು ಸಂಜೆ ನುಂಗಿದೆ. ಮೂರು ರಾತ್ರಿಯೂ ಎರಡು ಗಂಟೆಯವರೆಗೆ ಚಾವಣಿ ನೋಡುತ್ತ ಮಲಗಿದ್ದೆ. ನಿದ್ರೆ ಕೆಡುವುದು ಜಿನ್ಸೆಂಗಿನ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು. ಜತೆಗೆ ಕಾಫಿ ಹೆಚ್ಚಿದರೆ ಇನ್ನೂ ಕಷ್ಟ. 1979ರಲ್ಲಿ ‘ಜಿನ್ಸೆಂಗ್ ದುರ್ಬಳಕೆಯ ಲಕ್ಷಣಕೂಟ’ ಎಂಬ ವರದಿ ಬಂದು ಗಾಬರಿ ಹುಟ್ಟಿಸಿತ್ತು: ನಿದ್ರಾಹೀನತೆ, ರಕ್ತದೊತ್ತಡ, ಚಡಪಡಿಕೆ. ಅದರಲ್ಲಿದ್ದ ಹಲವರು ಜಿನ್ಸೆಂಗನ್ನು ಗ್ರಾಂಗಟ್ಟಲೆ ನುಂಗುವುದರ ಜತೆಗೆ ಕೆಫೀನನ್ನೂ ಸೇವಿಸುತ್ತಿದ್ದರು ಎಂಬುದು ಆಮೇಲೆ ಬಂದ ಟೀಕೆ. ಯಾವುದರಿಂದ ಏನಾಯಿತೆಂದು ಬಿಡಿಸುವಂತಿರಲಿಲ್ಲ. ಅದೇ ಗೋಜಲು ನಿಮಗೆ ಬೇಡವೆಂದಾದರೆ, ಪ್ರಯೋಗದ ದಿನಗಳಲ್ಲಿ ಕಾಫಿ ಟೀ ಎಷ್ಟು ಲೋಟ ಎಂಬುದನ್ನು ಗೊತ್ತು ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಎಣಿಸುವ ವಿಧಾನ

ಇದೇ ಮುಖ್ಯ ಭಾಗ. ಬಾಟಲಿ ತಂದ ಹೊಸದರಲ್ಲಿ ಎಲ್ಲರೂ ಚುರುಕಾಗುತ್ತಾರೆ. ಹಣ ಕೊಟ್ಟಿದ್ದೇವಲ್ಲ! ಆ ಚುರುಕನ್ನು ಬೇರಿನ ಖಾತೆಗೆ ಬರೆಯದಿರಲು ಒಬ್ಬ ಸಹಾಯಕರು ಬೇಕು. ನನಗೆ ತಂಗಿ ಇದ್ದಳು.

ಜಿನ್ಸೆಂಗ್ ಕಹಿ, ಮಣ್ಣಿನ ವಾಸನೆ. ನಾಲಿಗೆಯೂ ಮೂಗೂ ಗುಟ್ಟು ಬಿಟ್ಟುಕೊಡುತ್ತವೆ. ಅದಕ್ಕಾಗಿ ದೊಡ್ಡ ಅಳತೆಯ, ಒಳಗಿರುವುದು ಕಾಣದ ಖಾಲಿ ಕ್ಯಾಪ್ಸೂಲುಗಳನ್ನು ತಂದೆವು. ಹನ್ನೆರಡರಲ್ಲಿ ತಂಗಿ ಜಿನ್ಸೆಂಗಿನ ಕ್ಯಾಪ್ಸೂಲನ್ನೇ ಇಟ್ಟು ಮುಚ್ಚಿದಳು. ಇನ್ನು ಹನ್ನೆರಡರಲ್ಲಿ ಮಾತ್ರೆ ತಯಾರಿಸುವವರು ಬಳಸುವ ಸೆಲ್ಯುಲೋಸ್ ಪುಡಿ ತುಂಬಿದಳು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಹನ್ನೆರಡು ವಾರ. ಪ್ರತಿ ವಾರ ಒಂದು ನಿಜದ್ದು, ಒಂದು ಪೊಳ್ಳು. ಯಾವುದು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ಬರೆದು, ಲಕೋಟೆಗೆ ಹಾಕಿ ಅಂಟಿಸಿದಳು. ಮಧ್ಯದ ದಿನಗಳಲ್ಲಿ ಏನೂ ಇಲ್ಲ. 2001ರ ಆ ಪ್ರಯೋಗದವರು ಒಂದು ಪ್ರಮಾಣಕ್ಕೂ ಇನ್ನೊಂದಕ್ಕೂ ಒಂದು ವಾರ ಬಿಟ್ಟಿದ್ದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಅಳೆದದ್ದು ಮೂರನ್ನು. ಮೊದಲನೆಯದು ನನ್ನ ಕೆಲಸದ್ದೇ: ಆ ದಿನ ತಿದ್ದಿದ ಹದಿನಾರು ಪುಟದ ಒಂದು ಫಾರಂನಲ್ಲಿ ನಾನು ಬಿಟ್ಟ ತಪ್ಪುಗಳೆಷ್ಟು ಎಂದು. ನನ್ನ ನಂತರ ಓದುವ ಸಹೋದ್ಯೋಗಿ ಎಣಿಸಿ ಕೊಡುತ್ತಿದ್ದರು. ನಿಮ್ಮ ಕೆಲಸ ಬೇರೆಯಾದರೆ ನಿಮ್ಮ ತಪ್ಪು ಬೇರೆ: ತಿದ್ದಬೇಕಾಗಿ ಬಂದ ಲೆಕ್ಕದ ನಮೂದು, ಮತ್ತೆ ತಿರುಗಿ ನೋಡಬೇಕಾದ ಪಾಠದ ಪುಟ, ಏನಾದರೂ ಸರಿ, ಇನ್ನೊಬ್ಬರು ಎಣಿಸುವಂತಿರಬೇಕು. ಎರಡನೆಯದು ಮಧ್ಯಾಹ್ನ ಮೂರೂವರೆಗೆ ಎರಡು ನಿಮಿಷದ ಲೆಕ್ಕ. 800ರ ಮೇಲಿನ ಯಾವುದಾದರೂ ಸಂಖ್ಯೆಯಿಂದ ಏಳೇಳು ಕಳೆಯುತ್ತ ಹೋಗುವುದು, ಸರಿಯಾದ ಉತ್ತರಗಳನ್ನು ಬರೆದಿಡುವುದು. ಇದನ್ನು ಮೊದಲು ಒಂದು ವಾರ ಸುಮ್ಮನೆ ಅಭ್ಯಾಸ ಮಾಡಿ. ಇಲ್ಲದಿದ್ದರೆ ಅಭ್ಯಾಸದಿಂದ ಬಂದ ವೇಗವನ್ನು ಮಾತ್ರೆಯ ವೇಗವೆಂದು ತಿಳಿಯುತ್ತೀರಿ. ಮೂರನೆಯದು ಸಂಜೆ ಐದಕ್ಕೆ ದಣಿವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಇವುಗಳ ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ರೆ ಮಾಡಿದ್ದೆ ಎಂಬುದು, ಕೊನೆಯಲ್ಲಿ ಇಂದು ನುಂಗಿದ್ದು ನಿಜವೋ ಪೊಳ್ಳೋ ಎಂಬ ನನ್ನ ಊಹೆ. ಈ ಊಹೆಯ ಕಂಬಸಾಲನ್ನು ಬಿಡಬೇಡಿ.

ಆರನೆಯ ವಾರದ ಶುಕ್ರವಾರ ನಾನು ಒಂದೇ ಒಂದು ತಪ್ಪು ಬಿಟ್ಟಿದ್ದೆ. “ಅಕ್ಕಾ, ಇವತ್ತು ಬಹಳ ಚುರುಕಾಗಿದ್ದೀಯ” ಎಂದಳು ತಂಗಿ. ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ. ಇದು ನಿಜದ್ದೇ ಎಂದು ಪೆನ್ಸಿಲ್ ಒತ್ತಿ ಬರೆದೆ. ಹನ್ನೆರಡು ವಾರ ಮುಗಿದು ಲಕೋಟೆ ಒಡೆದಾಗ ಅದು ಸೆಲ್ಯುಲೋಸ್ ಪುಡಿ. 24 ಊಹೆಗಳಲ್ಲಿ 13 ಸರಿಯಾಗಿದ್ದವು. ನಾಣ್ಯಕ್ಕಿಂತ ನಾನು ಒಂದೇ ಒಂದು ಅಂಕ ಮುಂದೆ.

ಉಳಿದ ಫಲಿತಾಂಶ: ಜಿನ್ಸೆಂಗ್ ದಿನಗಳಲ್ಲಿ ಬಿಟ್ಟ ತಪ್ಪು ಒಟ್ಟು 41, ಪೊಳ್ಳು ದಿನಗಳಲ್ಲಿ 46. ಈ ಐದರ ಅಂತರ, ನಿದ್ರೆ ಕಡಿಮೆಯಾದ ಒಂದೇ ರಾತ್ರಿಯಿಂದಲೂ ಬರಬಹುದಾದದ್ದು. ಏಳೇಳು ಕಳೆಯುವ ಲೆಕ್ಕದಲ್ಲಿ ಅಂತರವೇ ಇಲ್ಲ. ಸಂಜೆಯ ದಣಿವು ಮಾತ್ರ ಜಿನ್ಸೆಂಗ್ ದಿನಗಳಲ್ಲಿ ಸುಮಾರು ಒಂದು ಅಂಕ ಕಡಿಮೆ, ಹನ್ನೆರಡು ವಾರಗಳಲ್ಲಿ ಒಂಬತ್ತು ಸಲ. ಇದನ್ನು ಪುರಾವೆ ಎನ್ನುವ ಧೈರ್ಯ ನನಗಿಲ್ಲ, ತಳ್ಳಿಹಾಕುವ ಮನಸ್ಸೂ ಇಲ್ಲ. ಆದರೆ ಕಂಡದ್ದರಲ್ಲಿ ದೊಡ್ಡ ನಂಟು ಬೇರೆಯೇ: ಆರು ಗಂಟೆಗಿಂತ ಕಡಿಮೆ ಮಲಗಿದ ಮರುದಿನಗಳಲ್ಲಿ, ಮಾತ್ರೆ ಯಾವುದಾದರೂ ಆಗಿರಲಿ, ತಪ್ಪುಗಳು ಎದ್ದು ಕಾಣುವಷ್ಟು ಹೆಚ್ಚು.

ಯಾರು ಮುಟ್ಟಬಾರದು

ರಕ್ತ ತಿಳಿಯಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಬೇಡವೇ ಬೇಡ. ಅಮೆರಿಕದ ಜಿನ್ಸೆಂಗ್ ಆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ ಎಂದು 2004ರ ಪ್ರಯೋಗವೊಂದು ತೋರಿಸಿದೆ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಜತೆ ಸೇರಿದರೆ ಸಕ್ಕರೆ ಅಗತ್ಯಕ್ಕಿಂತ ಕೆಳಗಿಳಿಯಬಹುದು. ಖಿನ್ನತೆಗೆ ಫೆನೆಲ್ಜಿನ್, ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್, ಅಂಗಾಂಗ ಕಸಿಯ ನಂತರದ ರೋಗನಿರೋಧ ತಗ್ಗಿಸುವ ಮಾತ್ರೆ ನುಂಗುವವರೂ ದೂರವಿರಿ. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು, ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್ ಆದವರು, ರಕ್ತದೊತ್ತಡ ಹತೋಟಿಗೆ ಬಾರದವರು, ಇವರಿಗೂ ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ಕನಿಷ್ಠ ಏಳು ದಿನ ಮೊದಲೇ ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೆ ಹೇಳಿ. ಗಿಡಮೂಲಿಕೆ ಔಷಧವಲ್ಲ ಎಂದುಕೊಂಡು ಹೇಳದೆ ಉಳಿಯುವವರೇ ಹೆಚ್ಚು. ಬೇರೆ ಯಾವುದೇ ಮಾತ್ರೆ ನಿತ್ಯ ನುಂಗುವವರು ಬಾಟಲಿಯನ್ನೇ ಎತ್ತಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಹೆಸರು ಹೇಳಿದರೆ ಸಾಲದು. ಯಾಕೆ ಎಂಬುದನ್ನು ನನ್ನ ಮೊದಲ ಬಾಟಲಿ ಹೇಳುತ್ತದೆ.

ನಿಲ್ಲಿಸುವುದು

ನಿತ್ಯವೂ ತೆಗೆದುಕೊಳ್ಳುವವರಿಗೆ ಜರ್ಮನಿಯ ಗಿಡಮೂಲಿಕೆ ತಜ್ಞರ ‘ಆಯೋಗ ಇ’ ಹಾಕಿಕೊಟ್ಟ ಮಿತಿ ದಿನಕ್ಕೆ ಒಂದರಿಂದ ಎರಡು ಗ್ರಾಂ ಒಣ ಬೇರು, ಹೆಚ್ಚೆಂದರೆ ಮೂರು ತಿಂಗಳು. ಇದು ಬೇರಿನ ತೂಕ, ಸಾರದ್ದಲ್ಲ. ಎರಡನ್ನೂ ಒಂದೇ ಎಂದುಕೊಂಡು ಎರಡು ಗ್ರಾಂ ಸಾರ ನುಂಗಬೇಡಿ. ತಲೆನೋವು, ಎದೆಬಡಿತ, ಹೊಟ್ಟೆ ಕೆಡುವುದು, ನಿದ್ರೆ ಬಾರದಿರುವುದು, ಸ್ತನದಲ್ಲಿ ನೋವು, ಮುಟ್ಟಿನಲ್ಲಿ ಏರುಪೇರು, ಇವುಗಳಲ್ಲಿ ಒಂದು ಕಂಡರೂ ಅಂದೇ ನಿಲ್ಲಿಸಿ. ಮೂರು ತಿಂಗಳು ಎಣಿಸಿ ನೋಡಿದ ಮೇಲೂ ಏನೂ ಕಾಣದಿದ್ದರೆ ಬ್ರ್ಯಾಂಡ್ ಬದಲಿಸಿ ಮತ್ತೆ ಶುರುಮಾಡುವ ಆಸೆ ಬರುತ್ತದೆ. ನನಗೂ ಬಂದಿತ್ತು. ತಂಗಿ ಉಳಿದ ಖಾಲಿ ಕ್ಯಾಪ್ಸೂಲುಗಳನ್ನು ಬಚ್ಚಿಟ್ಟಳು.

ಈಗ ನಾನು ಪದಸೂಚಿ ತಾಳೆ ನೋಡುವ ದಿನ ಮಾತ್ರ ಒಂದು ತೆಗೆದುಕೊಳ್ಳುತ್ತೇನೆ. ನಾನೂರು ಪುಟದ ಪುಸ್ತಕದಲ್ಲಿ ಪ್ರತಿ ಪದದ ಮುಂದಿನ ಪುಟಸಂಖ್ಯೆಯನ್ನು ತಿರುವಿ ತಿರುವಿ ನೋಡುವ ಕೆಲಸ ಅದು, ಸಂಜೆಯ ಹೊತ್ತಿಗೆ ಯಾರನ್ನಾದರೂ ಹಣ್ಣಾಗಿಸುತ್ತದೆ. ಆ ಪ್ರಯೋಗದ ನಂತರ ಅಂಥ ದಿನಗಳು ಬಂದದ್ದು ನಾಲ್ಕು. ಮೂವತ್ತರ ಬಾಟಲಿಯಲ್ಲಿ ಹನ್ನೊಂದು ಉಳಿದಿವೆ. ಅವಧಿ ಮುಗಿಯುವ ತಿಂಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ, ಹಳೆಯ ಕನ್ನಡಕದ ಜತೆ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.